ನಡುವೆ ಆಡುವವರು ಯಾರು

ಜೂನ್ 11, ಬುಧವಾರ

ಭಾರತ ಮತ್ತೆ ಸೋತಿತು. ಸೋಲುವುದೇನೂ ಹೊಸದಲ್ಲ. ಸೋತ ಮರುದಿನ ನಮ್ಮ ಸ್ಟಾಫ್ ರೂಮಿನಲ್ಲಿ ಡಜನ್‌ಗಟ್ಟಲೆ ಕೋಚ್‌ಗಳು ಹುಟ್ಟಿಕೊಳ್ಳುವುದೂ ಹೊಸದಲ್ಲ. ಜೀವಮಾನದಲ್ಲಿ ಒಮ್ಮೆಯೂ ಚೆಂಡು ಒದೆಯದ ಸಮಾಜ ವಿಜ್ಞಾನದ ದುರುಗೇಶ್ ಇಡ್ಲಿಯನ್ನು ಚಟ್ನಿಗೆ ಅದ್ದುತ್ತ ಉಪನ್ಯಾಸ ಶುರು ಮಾಡಿದ.

"ಅರ್ಧ ಟೀಮು ಈಶಾನ್ಯದವ್ರು. ಉಳದವ್ರು ಬಂಗಾಳ, ಗೋವಾ, ಕೇರಳ. ನಮ್ಮ ಕಡಿಯವ್ರು ಒಬ್ರೂ ಯಾಕಿಲ್ರಿ? ಆರಿಸೋವ್ರು ಆಟ ನೋಡ್ತಾರೋ, ಮುಖ ನೋಡ್ತಾರೋ?"

ಅವರದು ಗುಡ್ಡದ ಜನಾಂಗ, ಹುಟ್ಟಿನಿಂದಲೇ ಉಸಿರು ಗಟ್ಟಿ, ಅಷ್ಟೇ ವಿಷಯ ಎಂದೆ. "ಹಂಗಾರ ಹುಟ್ಟು ಲೆಕ್ಕಕ್ಕ ಬಂತಲ್ರಿ ಲಲಿತಾ ಮೇಡಂ! ನಾಳೆ ನಮ್ಮ ಜಿಲ್ಲಾ ಟೀಮಿನಾಗ ಜಾತಿನೂ ಬರ್ತೈತಿ," ಎಂದು ಹಲ್ಲು ಕಿರಿದ. ನಾನು ಮೂವತ್ತು ವರ್ಷದಿಂದ ದೈಹಿಕ ಶಿಕ್ಷಕಿ, ಹದಿನೈದು ವರ್ಷದಿಂದ ಜಿಲ್ಲೆಯ ಬಾಲಕಿಯರ ತಂಡವನ್ನು ಆರಿಸುವವಳು. ನನ್ನ ಮುಖಕ್ಕೇ ಈ ಮಾತು.

"ಚೆಂಡಿಗೆ ಜಾತಿ ಇಲ್ಲ ದುರುಗೇಶ್. ಕಾಲಾಗ ಆಟ ಇದ್ದವ್ರು ಮೈದಾನದಾಗ ಇರ್ತಾರ, ಬಾಯಾಗ ಆಟ ಇದ್ದವ್ರು ಸ್ಟಾಫ್ ರೂಮಿನಾಗ ಇರ್ತಾರ," ಎಂದೆ. ಎಲ್ಲರೂ ನಕ್ಕರು. ಇಡ್ಲಿ ಅವನ ಗಂಟಲಲ್ಲೇ ನಿಂತಿತು.

ನನ್ನ ಸಂಗತಿ ಬೇರೆ. ಹರೆಯದಲ್ಲಿ ನಾನು ರಾಷ್ಟ್ರೀಯ ಶಿಬಿರಕ್ಕೆ ಹೋದಾಗ ಮೂರನೆಯ ದಿನವೇ ವಾಪಸ್ಸು ಕಳಿಸಿದರು. ಅಲ್ಲಿದ್ದಷ್ಟು ಹೊತ್ತೂ ಯಾರೂ ಹೆಸರು ಹಿಡಿದು ಕರೆಯಲಿಲ್ಲ, 'ಮದ್ರಾಸಿ' ಎಂದರು. ಅದು ಶುದ್ಧ ಜನಾಂಗಭೇದ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ದುರುಗೇಶ್ ಹೇಳುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಜೂನ್ 15, ಭಾನುವಾರ

ಇಂದು ಆಯ್ಕೆ ಮುಗಿಯಿತು. ಹದಿನೇಳು ವರ್ಷದೊಳಗಿನ ಬಾಲಕಿಯರ ತಂಡ. ಸರ್ಕಾರ ಜಿಲ್ಲೆಯನ್ನು ಒಡೆದು ಎರಡು ಮಾಡಿ ವರ್ಷಗಳೇ ಆದವು, ನಮ್ಮ ಫುಟ್‌ಬಾಲ್ ಸಂಸ್ಥೆ ಮಾತ್ರ ಇನ್ನೂ ಹಳೆಯ ಅಖಂಡ ಜಿಲ್ಲೆಯದೇ. ಅಧ್ಯಕ್ಷ ಜಂಬುನಾಥಪ್ಪನವರ ಕುರ್ಚಿಯನ್ನು ಒಡೆಯುವ ಗರಗಸ ಯಾವ ಸರ್ಕಾರಕ್ಕೂ ಸಿಕ್ಕಿಲ್ಲ. ಅದಿರು ಲಾರಿಗಳ ಮಾಲೀಕರು. ಆಫ್‌ಸೈಡ್ ಎಂದರೆ ಏನೆಂದು ಇವತ್ತಿಗೂ ಗೊತ್ತಿಲ್ಲ. ಸಮಿತಿಯಲ್ಲಿ ಅವರು, ನಾನು, ಮತ್ತು ರೆಫರಿ ಚನ್ನಯ್ಯ. ಚನ್ನಯ್ಯನಿಗೆ ಸ್ವಂತ ಅಭಿಪ್ರಾಯ ಎಂಬುದು ಸೀಟಿಯಲ್ಲಿ ಮಾತ್ರ ಉಂಟು.

ಇಪ್ಪತ್ತೊಂಬತ್ತಕ್ಕೆ ಟಿ.ಬಿ. ಡ್ಯಾಂ ಮೈದಾನದಲ್ಲಿ ಕೊಪ್ಪಳದವರೊಂದಿಗೆ ಪಂದ್ಯ. ನೋಡಲು ಬೆಂಗಳೂರಿನಿಂದ ರಾಜ್ಯದ ಆಯ್ಕೆದಾರ ಬರುತ್ತಾನೆ. ನಮ್ಮಿಂದ ಇಬ್ಬರಿಗೆ ರಾಜ್ಯ ಶಿಬಿರ, ಒಬ್ಬಳು ಮಿಡ್‌ಫೀಲ್ಡ್, ಒಬ್ಬಳು ಬ್ಯಾಕ್. ಅಲ್ಲಿ ಗೆದ್ದರೆ ರಾಷ್ಟ್ರೀಯ ತಂಡದ ಶಿಬಿರ.

ನನ್ನ ಪದ್ಧತಿ ಎಲ್ಲರಿಗೂ ಗೊತ್ತು. ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಹೆಸರು, ಊರು ಕೇಳುತ್ತೇನೆ. "ಊರಾಗ ಮನಿ ಎಲ್ಲಿ ಬರ್ತೈತೆವ್ವಾ?" ಎಂದು ನಾಲ್ಕು ಮಾತಾಡಿಸುತ್ತೇನೆ. ಭಯ ಹೋಗಬೇಕಲ್ಲ. ಅಷ್ಟರಲ್ಲೇ ಯಾರು ಎಲ್ಲಿ ಆಡಬೇಕೆಂಬುದು ನನಗೆ ಹೊಳೆದುಬಿಡುತ್ತದೆ. ಅನುಭವ ಎನ್ನುವುದು ಇದಕ್ಕೇ.

ಜಂಬುನಾಥಪ್ಪನವರ ತಮ್ಮನ ಮೊಮ್ಮಗಳು ಸುಧಾರಾಣಿಯ ಮನೆ ಗುಡಿಯ ಎದುರಿಗೇ. ಎತ್ತರದ ಹುಡುಗಿ, ಇಂಗ್ಲಿಷ್ ಶಾಲೆ, ಮಾತು ಚುರುಕು. ಮಿಡ್‌ಫೀಲ್ಡ್ ಎಂದು ಬರೆದುಕೊಂಡೆ. ನಡುವೆ ಆಡುವುದಕ್ಕೆ ತಲೆ ಬೇಕು. ಅವಳ ಪಕ್ಕದಲ್ಲಿ ಸಂಡೂರು ತಾಲ್ಲೂಕಿನ ವಡ್ಡು ಗ್ರಾಮದ ಒಂದು ಹುಡುಗಿ, ತುಳಸಿ ಎಂದೇನೋ ಹೆಸರು. "ಊರ ಹೊರಗ್ರಿ, ನೀರಿನ ಟ್ಯಾಂಕ್ ದಾಟಿದ ಮ್ಯಾಲ," ಎಂದಳು. ಕುಳ್ಳಿ, ಆದರೆ ಗಟ್ಟಿ ಮೈ. ರೈಟ್ ಬ್ಯಾಕ್.

"ಮೇಡಂ, ನಾ ಊರಾಗ ನಡುವ ಆಡ್ತೀನ್ರಿ," ಎಂದಳು.

"ಆಡ್ಸಿದಲ್ಲಿ ಆಡೋದು ಕಲಿ ಮೊದ್ಲು," ಎಂದೆ.

ಎಲ್ಲರಿಗೂ ನಡುವೆಯೇ ಬೇಕು. ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು? ಅಷ್ಟರಲ್ಲಿ ಚನ್ನಯ್ಯ ಸ್ಕೂಟರಿನಲ್ಲಿ ಚೆಂಡು ತಂದ. ಬಂದದ್ದೇ ತಡವಾಗಿತ್ತು. ಆಮೇಲೆ ಒಂದು ತಾಸು ಆಡಿಸಿ ಎಲ್ಲರನ್ನೂ ಬಸ್ಸಿಗೆ ಕಳಿಸಿದೆವು.

ಜೂನ್ 17, ಮಂಗಳವಾರ

ಶಾಲೆ ಬಿಡುವ ಹೊತ್ತಿಗೆ ಸಂಘಮಿತ್ರಾ ಎಂಬುವಳು ನನ್ನನ್ನು ಹುಡುಕಿಕೊಂಡು ಬಂದಳು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಎಂಜಿನಿಯರ್, ಬಿಡುವಿನಲ್ಲಿ ವಡ್ಡಿನ ಹುಡುಗಿಯರಿಗೆ ಫುಟ್‌ಬಾಲ್ ಕಲಿಸುತ್ತಾಳಂತೆ. ಮನೆಮಂದಿಯೆಲ್ಲ ಬೌದ್ಧರಾಗಿದ್ದಾರಂತೆ. ಹೆಸರು ಬದಲಿಸಿದರೆ ಹಣೆಬರಹ ಬದಲಾಗುತ್ತದೆ ಎಂದುಕೊಂಡಿದ್ದಾರೆ, ಪಾಪ. ಜೀನ್ಸ್ ಪ್ಯಾಂಟು, ಕಂಕುಳಲ್ಲಿ ಹೆಲ್ಮೆಟ್. ನಾನು ಕುರ್ಚಿ ತೋರಿಸುವ ಮೊದಲೇ ಕೂತಳು.

"ಮೇಡಂ, ಎತ್ತರ ಇದ್ದಾಕಿನ್ನ ನಡುವ ಹಾಕೀರಿ, ಕುಳ್ಳಿನ್ನ ಹಿಂದ ಹಾಕೀರಿ. ಇದ್ಯಾವ ಲೆಕ್ಕರೀ?"

"ಮೂವತ್ತು ವರ್ಷದ ಲೆಕ್ಕ," ಎಂದೆ.

"ತುಳಸಿಗೆ ಊರಾಗ ಮನಿ ಎಲ್ಲೈತಿ ಅಂತ ಕೇಳಿದ್ರಂತ."

"ಪ್ರೀತಿಲೆ ಕೇಳ್ತೀನವ್ವಾ. ಎಲ್ಲಾರನೂ ಕೇಳ್ತೀನಿ. ಅದ್ರಾಗ ಏನ್ ತಪ್ಪು?"

"ಪ್ರೀತಿಲೆ ಕೇಳಿದ್ರೂ ಗೊತ್ತಾಗೋದು ಒಂದಽರೀ," ಎಂದಳು. ದನಿ ಏರಿಸಲಿಲ್ಲ, ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು. "ಒಂದು ಹೇಳ್ರಿ. ಇಷ್ಟು ವರ್ಷದಾಗ ನಮ್ಮ ಕೇರಿ ಹುಡುಗಿ ಒಬ್ಬಾಕಿನ್ನರ ನಡುವ ಆಡಿಸೀರೇನ್ರಿ?"

"ಹತ್ತು ಹೆಸರು ಹೇಳ್ತೀನಿ. ಈಗ ಬಸ್ಸಿಗೆ ಹೊತ್ತಾತು, ಹೋಗು," ಎಂದು ಎದ್ದೆ. ಓದಿದವರ ಕಥೆ ಇಷ್ಟೇ. ಎರಡು ಅಕ್ಷರ ತಲೆಗೆ ಹೋದ ಕೂಡಲೇ ಮೊಸರಲ್ಲಿ ಕಲ್ಲು ಹುಡುಕುತ್ತಾರೆ.

ಒಲೆಯ ಮೇಲೆ ಅನ್ನಕ್ಕಿಟ್ಟು, ಆ ಹತ್ತು ಹೆಸರು ಜ್ಞಾಪಿಸಿಕೊಳ್ಳೋಣ ಎಂದು ಕೂತೆ. ಕಂಪ್ಲಿಯ ಹೊನ್ನೂರಮ್ಮ. ಅಲ್ಲ, ಅವಳು ಗೋಲ್‌ಕೀಪರ್. ಮರಿಯಮ್ಮನಹಳ್ಳಿಯ ಪಂಪಮ್ಮ ಲೆಫ್ಟ್ ಬ್ಯಾಕ್. ಸಂಡೂರಿನ ಅವಳಿ ಹುಡುಗಿಯರು ಇಬ್ಬರೂ ಬ್ಯಾಕ್. ಎಷ್ಟೋ ಜನ ಇದ್ದರು, ನೆನಪು ಮೊದಲಿನ ಹಾಗಿಲ್ಲ. ಅನ್ನ ಸೀದು ಹೋಯಿತು. ಅದಕ್ಕೂ ಆ ಹೆಲ್ಮೆಟ್ಟಿನವಳೇ ಕಾರಣ.

ಜೂನ್ 20, ಶುಕ್ರವಾರ

ವಡ್ಡಿನ ಹುಡುಗಿಗೆ ಹೇಳಿ ಹೇಳಿ ಸಾಕಾಯಿತು. ರೈಟ್ ಬ್ಯಾಕ್ ನಿಲ್ಲು ಎಂದರೆ ಐದು ನಿಮಿಷ ನಿಲ್ಲುತ್ತಾಳೆ, ಆಮೇಲೆ ನೋಡಿದರೆ ನಡುವೆ ಇರುತ್ತಾಳೆ. ಸುಧಾರಾಣಿಯ ಕಾಲಿನಿಂದ ಜಾರಿದ ಚೆಂಡೆಲ್ಲ ಇವಳ ಕಾಲಿಗೆ. ಎತ್ತರದ ಹುಡುಗಿ ಪಾಪ ಗಾಬರಿಯಾಗಿ ಅಳತೊಡಗಿದಳು. ತುಳಸಿಯನ್ನು ಹೊರಗೆ ಕೂರಿಸಿದೆ. ಕಟ್ಟೆಯ ಮೇಲೆ ಕೂತು ಆಟ ನೋಡಿದಳು. ಕ್ಷಮೆ ಕೇಳುವ ಮುಖವಲ್ಲ ಅದು. ಕಲಿಸುವವರಿಗೇ ಮಾರ್ಕು ಕೊಡುವವರ ಮುಖ.

ಜೂನ್ 23, ಸೋಮವಾರ

ಎರಡು ದಿನದಿಂದ ತುಳಸಿ ಅಭ್ಯಾಸಕ್ಕೆ ಬಂದಿಲ್ಲ. ಬೇರೆ ರೈಟ್ ಬ್ಯಾಕ್ ಇಲ್ಲ. ಆದ್ದರಿಂದ ನಾನೇ ಬಸ್ಸು ಹತ್ತಿ ವಡ್ಡಿಗೆ ಹೋದೆ. ಈ ಜಿಲ್ಲೆಯಲ್ಲಿ ಆಟಗಾರ್ತಿಯನ್ನು ಹುಡುಕಿಕೊಂಡು ಮನೆಗೆ ಹೋಗುವ ಆಯ್ಕೆದಾರರು ಮತ್ತ್ಯಾರಿದ್ದಾರೆ? ಅದಕ್ಕೆ ಸಿಕ್ಕ ಮರ್ಯಾದೆ ಬರೆದಿಡುತ್ತೇನೆ.

ಟ್ಯಾಂಕ್ ದಾಟಿ ಕೇಳಿಕೊಂಡು ಹೋದೆ. ಅವಳ ತಾಯಿ ಸುಂಕಮ್ಮ ಆಗಷ್ಟೇ ತೋರಣಗಲ್ಲಿನಿಂದ ಗುತ್ತಿಗೆ ಕೆಲಸ ಮುಗಿಸಿ ಬಂದಿದ್ದಳು, ಮೈತುಂಬ ಕೆಂಧೂಳು. ನನ್ನನ್ನು ನೋಡಿ ಗಡಿಬಿಡಿಯಿಂದ ಕುರ್ಚಿ ಒರೆಸಿ ಅಂಗಳದಲ್ಲಿ ಹಾಕಿದಳು. "ಕುಂದ್ರಿ ಮೇಡಮ್ಮರ." ಒಳಗೆ ಒಲೆಯ ಮೇಲೆ ಚಹಾ ಕುದಿಯುವ ವಾಸನೆ ಬರುತ್ತಿತ್ತು. ಅವಳು ಮಗಳ ಕಿವಿಯಲ್ಲಿ ಏನೋ ಹೇಳಿದಳು. ತುಳಸಿ ಓಡಿಹೋಗಿ ಅಂಗಡಿಯಿಂದ ತಂಪು ಪಾನೀಯದ ಬಾಟ್ಲಿ ತಂದಳು.

"ಕುಡೀರಿ ಮೇಡಮ್ಮರ, ಸೀಲ್ ಒಡದಿಲ್ಲ. ನಾವು ಮುಟ್ಟಿಲ್ಲ," ಎಂದಳು ಸುಂಕಮ್ಮ.

ನಾನು ಕೇಳಿದ್ದೆನೇ? ಸೀಲ್ ಒಡೆದಿದೆಯೋ ಇಲ್ಲವೋ ಎಂದು ನಾನು ಕೇಳಿದ್ದೆನೇ? ಚಹಾ ಬೇಡ ಎಂದು ಹೇಳಿದ್ದೆನೇ? ಬಾಯಿ ಬಿಡುವ ಮೊದಲೇ ನನ್ನನ್ನು ಅಂಥವಳು ಎಂದು ತೀರ್ಮಾನ ಮಾಡಿಬಿಟ್ಟರು. ನನ್ನ ಕೈಯಾರೆ ಮುಚ್ಚಳ ತಿರುವಿ, ಸಿಹಿ ನೀರನ್ನು ಗಟಗಟ ಕುಡಿದೆ. ಚಹಾ ಕೊಟ್ಟಿದ್ದರೆ ಕುಡಿಯುತ್ತಿದ್ದೆ. ಕುಡಿಯುತ್ತಿದ್ದೆ ಎಂದೇ ಅನ್ನಿಸುತ್ತದೆ.

"ನಾಳೆಯಿಂದ ಬರ್ಬೇಕು. ಬ್ಯಾಕ್ ಆಡ್ಬೇಕು," ಎಂದೆ ತುಳಸಿಗೆ.

"ಬರ್ತಾಳ್ರಿ. ನೀವು ಹೇಳಿದಂಗ ಆಡ್ತಾಳ," ಎಂದು ತಾಯಿಯೇ ಉತ್ತರ ಕೊಟ್ಟಳು. ಮಗಳು ನೆಲ ನೋಡುತ್ತಿದ್ದಳು. ತೋರಣಗಲ್ಲು ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಎರಡು ಕಪ್ ಚಹಾ ಕುಡಿದೆ.

ಜೂನ್ 24, ಮಂಗಳವಾರ

ತುಳಸಿ ಬಂದಳು. ಬ್ಯಾಕ್ ಆಡಿದಳು. ಏನೂ ತಪ್ಪು ಮಾಡಲಿಲ್ಲ. ಏನೂ ಮಾಡಲಿಲ್ಲ ಎಂದರೂ ಸರಿಯೇ. ಶಿಸ್ತು ಬಂತೆಂದು ಸಂತೋಷಪಡಬೇಕಾದವಳು ನಾನು, ಯಾಕೋ ಆಟ ಸಪ್ಪೆಯಾಗಿ ಕಂಡಿತು.

ಜೂನ್ 29, ಭಾನುವಾರ

ಇವತ್ತು ಸಿಟ್ಟೂ ಇದೆ, ಸಂತೋಷವೂ ಇದೆ. ಯಾವುದು ಹೆಚ್ಚೋ ತಿಳಿಯದು. ಮೊದಲು ಸಿಟ್ಟನ್ನೇ ಬರೆಯುತ್ತೇನೆ.

ಬೆಂಗಳೂರಿನ ಆಯ್ಕೆದಾರ ಬಂದ. ಕಪ್ಪು ಕನ್ನಡಕ, ಬಿಳಿ ಬೂಟು, ನಮ್ಮ ಮೈದಾನದ ಧೂಳು ತಾಗದ ಹಾಗೆ ಹೆಜ್ಜೆ ಎತ್ತಿ ಎತ್ತಿ ಇಡುತ್ತಿದ್ದ. ಜಂಬುನಾಥಪ್ಪನವರ ಪಕ್ಕದಲ್ಲಿ ಶಾಮಿಯಾನದ ಕೆಳಗೆ ಕೂತು ಎಳನೀರು ಕುಡಿದ. ಮೊದಲ ಅರ್ಧದಲ್ಲಿ ನಾವು ಒಂದು ಗೋಲು ಹಿಂದೆ. ಸುಧಾರಾಣಿ ಚೆಂಡು ಬಂದಾಗಲೆಲ್ಲ ಕಣ್ಣು ಮುಚ್ಚಿಕೊಂಡು ಒದೆಯುತ್ತಿದ್ದಳು. ವಿರಾಮದಲ್ಲಿ ನಾನು ಶಾಮಿಯಾನದ ಹತ್ತಿರ ಹೋದಾಗ ಅವನು ಕನ್ನಡಕವನ್ನೂ ತೆಗೆಯದೆ ಹೇಳಿದ:

"ಬೇಜಾರು ಮಾಡ್ಕೋಬೇಡಿ ಮೇಡಂ. ನಿಮ್ಮ ಕಡೆ ಹುಡುಗೀರು ಗಟ್ಟಿ. ಬಿಸಿಲು, ಧೂಳು, ಜೋಳದ ರೊಟ್ಟಿ. ಓಡು ಅಂದ್ರೆ ಓಡ್ತಾರೆ. ಆದ್ರೆ ಮಿಡ್‌ಫೀಲ್ಡ್‌ಗೆ ತಲೆ ಬೇಕಲ್ವಾ? ಅದು ನಿಮ್ಮ ಕಡೆ ರಕ್ತದಲ್ಲೇ ಇಲ್ಲ. ಬ್ಯಾಕ್ ಇದ್ರೆ ಕೊಡಿ, ತಗೋತೀನಿ."

ರಕ್ತದಲ್ಲಿ! ಇವನು ಯಾರ ರಕ್ತ ಪರೀಕ್ಷೆ ಮಾಡಿದ್ದಾನೆ? ಎರಡು ಮಾತು ಆಡಿಸಿಲ್ಲ, ನಮ್ಮ ಊರು ಕೇಳಿದ ಕೂಡಲೇ ನಮ್ಮ ತಲೆಯಲ್ಲಿ ಏನಿದೆ ಎಂದು ತಿಳಿದುಬಿಟ್ಟನಂತೆ! ಜಂಬುನಾಥಪ್ಪನವರು ಹ್ಹೆ ಹ್ಹೆ ಎಂದು ನಕ್ಕು, "ಬರ್ರಿ ಸರ್, ಜಲ್ದಿ ಊಟ ಮಾಡಿ ಹಂಪಿ ನೋಡ್ಕೊಂಡ್ ಬರೂಣು. ಹೆಸ್ರು ನಾವಽ ಕಳಸ್ತೀವಿ," ಎಂದು ಅವನನ್ನು ಕಾರಿಗೆ ಹತ್ತಿಸಿದರು. ಅರ್ಧ ಆಟ ಬಾಕಿ ಇದ್ದಾಗ ಆಯ್ಕೆದಾರ ಕಲ್ಲು ನೋಡಲು ಹೋದ.

ನಾನು ಮೈದಾನಕ್ಕೆ ಬಂದವಳೇ, "ತುಳಸಿ, ನಡುವ ಹೋಗು," ಎಂದೆ. ಸುಧಾರಾಣಿಯನ್ನು ಹೊರಗೆ ತೆಗೆದೆ.

ಹುಡುಗಿ ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ಹೋದಳು.

ಈಗ ಸಂತೋಷ. ಚೆಂಡು ಕಾಲಿಗೆ ಬರುವ ಮೊದಲೇ ಅವಳು ತಿರುಗಿ ಹಿಂದೆ ಯಾರಿದ್ದಾರೆ ಎಂದು ನೋಡಿಕೊಂಡಿರುತ್ತಾಳೆ. ಇದನ್ನು ನನಗೆ ಕಲಿಸಲು ನನ್ನ ಕೋಚಿಗೆ ಮೂರು ವರ್ಷ ಹಿಡಿದಿತ್ತು. ಚೆಂಡು ಬಂತು, ಒಂದೇ ಸ್ಪರ್ಶ, ಎದುರಾಳಿ ಎಡಕ್ಕೆ ಹೋದಳು, ಚೆಂಡು ಬಲಕ್ಕೆ ಹೋಯಿತು. ಅಲ್ಲಿಯವರೆಗೆ ಬರೀ ಓಡಾಡುತ್ತಿದ್ದ ನಮ್ಮ ಫಾರ್ವರ್ಡ್‌ಗಳಿಗೆ ತಮಗೂ ಕೆಲಸವಿದೆ ಎಂದು ಗೊತ್ತಾಯಿತು. ಮೊದಲ ಗೋಲಿಗೆ ಅವಳು ಚೆಂಡು ಕೊಟ್ಟಳು. ಎರಡನೆಯದನ್ನು ತಾನೇ, ಗೋಲ್‌ಕೀಪರಿನ ತಲೆ ಮೇಲಿಂದ ಮೆಲ್ಲಗೆ, ಮಗುವನ್ನು ತೊಟ್ಟಿಲಿಗೆ ಹಾಕಿದ ಹಾಗೆ ಹಾಕಿದಳು. ಗೆದ್ದೆವು. ಈ ವಯಸ್ಸಿನಲ್ಲಿ ನಾನು ಎದ್ದು ಕುಣಿದೆ. ಕಾಲುವೆ ಕಚೇರಿಯ ಗುಮಾಸ್ತರು ಕಾಂಪೌಂಡಿನ ಆಚೆಯಿಂದ ನೋಡಿದರು, ನೋಡಲಿ.

ಬೆಂಗಳೂರಿನವನ ಮುಖಕ್ಕೆ ಹೊಡೆದ ಹಾಗಾಯಿತು. ಮುಖ ಅಲ್ಲಿರಲಿಲ್ಲ, ಅದೊಂದೇ ಕೊರತೆ.

ಜುಲೈ 1, ಮಂಗಳವಾರ

ಜಂಬುನಾಥಪ್ಪನವರ ಲಾರಿ ಆಫೀಸಿನಲ್ಲಿ ಸಭೆ. ಅವರು ಮೊದಲೇ ಹೆಸರು ಬರೆಸಿಟ್ಟಿದ್ದರು. ಮಿಡ್‌ಫೀಲ್ಡ್ ಸುಧಾರಾಣಿ, ಬ್ಯಾಕ್ ತುಳಸಿ.

"ತುಳಸಿ ಮಿಡ್‌ಫೀಲ್ಡ್. ಬ್ಯಾಕ್‌ಗೆ ಕಂಪ್ಲಿ ಹುಡುಗಿ ಅದಾಳ, ಎತ್ತರ ಅದಾಳ," ಎಂದೆ.

"ಅಲ್ರಿ ಲಲಿತಮ್ಮ, ಆಕಿನ್ನೂ ಕಳಸಾಕತ್ತೀವಲ್ಲ, ಮತ್ತೇನು? ಮೊದ್ಲು ಬ್ಯಾಕ್ ಅಂದಾಕಿ ನೀವಽ. ನಮ್ಮ ಹುಡುಗಿನೂ ಹೋಗ್ತಾಳ, ಆ ಹುಡುಗಿನೂ ಹೋಗ್ತಾಳ. ಎಲ್ಲಾರಿಗೂ ಸಮಾಧಾನ."

"ಕುಳ್ಳಿನ್ನ ಬ್ಯಾಕ್ ಅಂತ ಕಳಿಸಿದ್ರ ಅಲ್ಲಿ ನಿಲ್ತಾಳೇನ್ರಿ? ಆಕಿ ಆಟ ನಡುವ ಐತಿ. ಚನ್ನಯ್ಯ, ನೀನಽ ರೆಫರಿ ಇದ್ದೆಲ್ಲ. ನೋಡಿದಿಲ್ಲ?"

ಚನ್ನಯ್ಯ ಫ್ಯಾನ್ ನೋಡಿದ. "ಚಲೋ ಆಡಿದ್ಲು ಮೇಡಂ. ಆದ್ರ ಸಾಹುಕಾರ್ರು ಹೇಳೋದ್ರಾಗೂ ಅರ್ಥ ಐತಿ."

ಜಂಬುನಾಥಪ್ಪನವರು ಮುಂದೆ ಬಾಗಿ, ಮಗುವಿಗೆ ಬುದ್ಧಿ ಹೇಳುವ ದನಿಯಲ್ಲಿ, "ಆಟದಾಗ ಜಾತಿ ತರಬ್ಯಾಡ್ರಿ ಲಲಿತಮ್ಮ," ಎಂದರು.

ನಾನು ಜಾತಿಯ ಮಾತೇ ಎತ್ತಿರಲಿಲ್ಲ. ಎತ್ತರದ ಮಾತಾಡಿದ್ದೆ, ಆಟದ ಮಾತಾಡಿದ್ದೆ. ನನಗೆ, ಹದಿನೈದು ವರ್ಷ ಈ ತಂಡ ಕಟ್ಟಿದವಳಿಗೆ, ಆಫ್‌ಸೈಡ್ ತಿಳಿಯದ ಮನುಷ್ಯ ಈ ಮಾತು ಹೇಳಿದ! ಇಬ್ಬರು ಆ ಕಡೆ, ಒಬ್ಬಳು ಈ ಕಡೆ. ಹೆಸರುಗಳು ಬೆಂಗಳೂರಿಗೆ ಹೋದವು. ಸಹಿ ಹಾಕದೆ ಎದ್ದು ಬಂದೆ. ಮುಂದಿನ ವರ್ಷ ನನ್ನ ಹೆಸರು ಸಮಿತಿಯಲ್ಲಿ ಇರುವುದಿಲ್ಲ. ಹಾಳಾಗಿ ಹೋಗಲಿ. ಆ ಲಾರಿ ಆಫೀಸಿನ ಡೀಸೆಲ್ ವಾಸನೆ ತಪ್ಪಿತು.

ಜುಲೈ 2, ಬುಧವಾರ

ವಡ್ಡಿಗೆ ಹೋದೆ. ಸಂಘಮಿತ್ರಾ ಕೂಡ ಅಲ್ಲೇ ಇದ್ದಳು. ಅಂಗಳದ ಕಟ್ಟೆಯ ಮೇಲೆ ಅವರ ಪಕ್ಕದಲ್ಲೇ ಕೂತು ಸಭೆಯಲ್ಲಿ ನಡೆದದ್ದೆಲ್ಲ ಹೇಳಿದೆ. ಕುರ್ಚಿ ತರಲು ಸುಂಕಮ್ಮ ಎದ್ದಳು, ಬ್ಯಾಡ ಎಂದೆ. ಜಂಬುನಾಥಪ್ಪನವರನ್ನು ಬಾಯಿ ತುಂಬ ಬೈದೆ, ಚನ್ನಯ್ಯನನ್ನು ಬೈದೆ. ತುಳಸಿಗಾಗಿ ನಾನು ಹೋರಾಡಿದೆನಲ್ಲ, ಒಂದು ಒಳ್ಳೆಯ ಮಾತಾದರೂ ಬರುತ್ತದೆ ಎಂದುಕೊಂಡಿದ್ದೆ. ಸುಳ್ಳು ಯಾಕೆ ಬರೆಯಲಿ?

ತುಳಸಿ ಕೇಳಿಸಿಕೊಂಡು, "ಮೇಡಂ, ಒಂದ್ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ," ಎಂದಳು.

"ಕೇಳು."

"ನೀವು ನನ್ನ ನಡುವ ಹಾಕಿದ್ದು ನನ್ನ ಆಟ ನೋಡೇನ್ರಿ? ಏನ್ ಆ ಬೆಂಗಳೂರಿನವ್ರು ಅಂದಿದ್ದು ಕೇಳೇನ್ರಿ?"

ಪಂದ್ಯದ ದಿನ ಶಾಮಿಯಾನದ ಪಕ್ಕದಲ್ಲೇ ನೀರಿನ ಡ್ರಮ್ಮಿತ್ತು. ಹುಡುಗಿ ನೀರು ಕುಡಿಯಲು ಬಂದಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. "ಆಟ ನೋಡೇ," ಎಂದು ಹೇಳಲು ಬಾಯಿ ತೆರೆದೆ. ಅವಳನ್ನು ಅಲ್ಲಿ ಹಾಕುವ ಮೊದಲು ಅವಳು ಅಲ್ಲಿ ಆಡಿದ್ದನ್ನು ನಾನು ನೋಡಿದ್ದೆಲ್ಲಿ? ನೋಡಿದಾಗಲೆಲ್ಲ ಬೈದು ಹಿಂದೆ ಕಳಿಸಿದ್ದೆ.

"ಬಾಯಿ ಭಾಳ ಆತು ನಿಂದು," ಎಂದೆ. ಸಂಘಮಿತ್ರಾ ನಗಲಿಲ್ಲ. ನಕ್ಕಿದ್ದರೆ ಅವಳನ್ನಾದರೂ ಬೈಯಬಹುದಿತ್ತು.

"ಹೋಗ್ತೀನ್ರಿ," ಎಂದಳು ತುಳಸಿ. "ಬ್ಯಾಕ್ ಅಂದ್ರ ಬ್ಯಾಕ್. ಅಲ್ಲಿ ಒಂದ್ಸಲ ಚೆಂಡು ಕಾಲಿಗೆ ಸಿಕ್ರ ಸಾಕ್ರಿ. ಅವ್ರಽ ನೋಡ್ತಾರ."

ನಾನೂ ಹಾಗೇ ಅಂದುಕೊಂಡೆ. ಚೆಂಡು ಸಿಕ್ಕರೆ ಸಾಕು. ಕುರುಡನಿಗೂ ಕಾಣುತ್ತದೆ ಅವಳ ಆಟ. ನನ್ನ ಹಳೆಯ ಆಟದ ಬ್ಯಾಗನ್ನು ಕೊಟ್ಟು ಬಂದೆ. ಶಾಲೆಯ ಮಕ್ಕಳಿಗೆಂದು ಇಟ್ಟಿದ್ದ ಹೊಸ ಸಾಕ್ಸುಗಳನ್ನೂ ಅದರಲ್ಲಿ ಹಾಕಿದ್ದೆ.

ಜುಲೈ 9, ಬುಧವಾರ

ತುಳಸಿ, ಸುಧಾರಾಣಿ ಇಬ್ಬರೂ ಬೆಂಗಳೂರಿನ ಬಸ್ಸು ಹತ್ತಿದರು. ಸ್ಟಾಫ್ ರೂಮಿನಲ್ಲಿ ದುರುಗೇಶ್ ಮತ್ತೆ ಶುರು ಮಾಡಿದ. ಇವತ್ತು ನಾನು ಅವನಿಗೆ ಎದುರು ಮಾತಾಡಲಿಲ್ಲ. ಜ್ವರ ಬಂದಿದೆಯೇ ಎಂದು ಕೇಳಿದ, ಮೂರ್ಖ.

ಜುಲೈ 12, ಶನಿವಾರ

ಬೆಳಿಗ್ಗೆ ಸಂಘಮಿತ್ರಾಳ ಫೋನು. "ಮೇಡಂ, ತುಳಸಿನ್ನ ವಾಪಸ್ ಕಳಿಸ್ಯಾರ್ರಿ. ಬಸ್ಸಿನಾಗ ಅದಾಳ. ನನಗ ಶಿಫ್ಟ್ ಐತಿ, ಆಕಿ ಅವ್ವಗೂ ರಜಾ ಕೊಡಲಿಲ್ಲ. ನೀವು ಸ್ಟ್ಯಾಂಡಿಗೆ ಹೋಗ್ತೀರೇನ್ರಿ?"

ಎರಡೇ ದಿನ! ಹೊಸಪೇಟೆ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಬೆಂಗಳೂರಿನವರಿಗೆ ಹೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡೆ. ಕಣ್ಣಿದ್ದೂ ಕುರುಡರು. ರಕ್ತ ಮೂಸಿ ನೋಡುವ ನಾಯಿಗಳು. ಇದಕ್ಕಿಂತ ಕೆಟ್ಟವೂ ಇದ್ದವು. ಶಿಬಿರದ ಕೋಚಿಗೆ ಫೋನು ಮಾಡಿ ಒಂದೂ ಬಿಡದೆ ಹೇಳಬೇಕು ಎಂದು ನಂಬರನ್ನೂ ಬರೆದುಕೊಂಡಿದ್ದೆ.

ತುಳಸಿ ಇಳಿದಳು. ಅತ್ತಿರಲಿಲ್ಲ. ಬ್ಯಾಗು ತೆಗೆದುಕೊಳ್ಳಲು ಕೈ ಚಾಚಿದೆ, ಅವಳು ಕೊಡಲಿಲ್ಲ.

"ಹೆಂಗ ಆಡಿದಿ? ಯಾರ್ ನೋಡಿದ್ರು? ಎಲ್ಲಿ ಹಾಕಿದ್ರು?" ಎಂದು ಒಂದೇ ಉಸಿರಿನಲ್ಲಿ ಕೇಳಿದೆ.

"ಆಡ್ಲೇ ಇಲ್ರಿ ಮೇಡಂ. ಎಲ್ಲಾರನೂ ಸಾಲಾಗಿ ನಿಲ್ಸಿದ್ರು. ಹಾಳ್ಯಾಗ ಬ್ಯಾಕ್ ಅಂತ ಬರದೈತಿ, ಬ್ಯಾಕ್‌ಗೆ ಇಷ್ಟು ಎತ್ತರ ಸಾಲಂಗಿಲ್ಲ, ನೀನು ಹೋಗು ಅಂದ್ರು. ಇನ್ನಾ ಚೆಂಡಽ ತಂದಿರಲಿಲ್ರಿ."

ಸಂಡೂರಿನ ಬಸ್ಸು ಬಂದು ನಿಂತಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಬೈಯಲು ಬಾಯಿ ತೆರೆದೆ. ಯಾರನ್ನು ಬೈಯಬೇಕೆಂದು ತಿಳಿಯಲಿಲ್ಲ.